ಉತಾರದಲ್ಲಿ ಹೆಸರಿಲ್ಲದ ರೈತ

(ಕರ್ಜಗಿಯಲ್ಲಿ ಸೇರಿದ್ದ ಕೃಷಿ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯನ್ನು ಪೇಟೆಯ ಯಾವುದಾದರೂ ಸಭಾಭವನದಲ್ಲಿ ಏರ್ಪಡಿಸದೆ ವರದೆಯ ದಂಡೆಯ ಈ ಕರ್ಜಗಿಯಲ್ಲಿ ಏರ್ಪಡಿಸಿದ್ದಕ್ಕಾಗಿ ಸಂಘಟಕರನ್ನು ನಾವು ಮೊದಲಿಗೆ ಅಭಿನಂದಿಸುತ್ತೇವೆ. ಒಂದು ಕಾಲಕ್ಕೆ ಧಾರವಾಡ ಜಿಲ್ಲೆಯ ಒಂದು ತಾಲೂಕೇ ಕರ್ಜಗಿಯ ಹೆಸರಿನಲ್ಲಿತ್ತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ತಾಲೂಕಿನ ಹೆಸರು ಬದಲಾಯಿತು, ಜಿಲ್ಲೆ ಬದಲಾಯಿತು, ಸರಕಾರಗಳು ಎಷ್ಟೋ ಸಲ ಬದಲಾದವು. ಆದರೆ ಒಂದು ಪ್ರಶ್ನೆ ಮಾತ್ರ ಬದಲಾಗದೆ ಉಳಿದಿದೆ. ಸರಕಾರ ರೈತನಿಗೆಂದು ಕೊಡುವ ಹಣ ನಿಜಕ್ಕೂ ಯಾರನ್ನು ತಲುಪುತ್ತದೆ? ಇಂದು ನಾವು ಮಾತನಾಡಬೇಕೆಂದಿರುವುದು ಈ ಒಂದೇ ಪ್ರಶ್ನೆಯ ಕುರಿತು.

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸತಲ್ಲ. ಅದಕ್ಕೆ ರಕ್ತದ ಕಲೆಯೂ ಅಂಟಿಕೊಂಡಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಏನಾಯಿತೆಂಬುದನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಮುಂಗಾರು ಬಂದಿತ್ತು, ಭೂಮಿ ಹದವಾಗಿತ್ತು, ಗೊಬ್ಬರ ಮಾತ್ರ ಇರಲಿಲ್ಲ. ಹೊಸ ಸರಕಾರ ಅಧಿಕಾರಕ್ಕೆ ಬಂದು ಎರಡು ವಾರವೂ ಆಗಿರಲಿಲ್ಲ. ಗೊಬ್ಬರ ಕೇಳಲು ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಗೋಲಿಬಾರಿನಲ್ಲಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅವರು ಕೇಳಿದ್ದೇನು? ಸರಕಾರ ತಾನೇ ಸಹಾಯಧನ ಕೊಟ್ಟು ಅಗ್ಗಗೊಳಿಸಿದ್ದೇನೆಂದು ಹೇಳಿಕೊಳ್ಳುತ್ತಿದ್ದ ಗೊಬ್ಬರದ ಚೀಲವನ್ನು, ಅಷ್ಟೇ. ಕಡತದಲ್ಲಿ ಸಹಾಯಧನವಿತ್ತು, ಅಂಗಡಿಯಲ್ಲಿ ಗೊಬ್ಬರವಿರಲಿಲ್ಲ. ಹದಿನೇಳು ವರ್ಷಗಳ ಬಳಿಕ, 2025ರ ಮುಂಗಾರಿನಲ್ಲಿಯೂ ರಾಜ್ಯದ ರೈತರು ಯೂರಿಯಾಕ್ಕಾಗಿ ನಸುಕಿನಿಂದಲೇ ಸರತಿ ನಿಂತರು. ಹೀಗಿರುವಾಗ, ಘೋಷಣೆಗೂ ಹೊಲಕ್ಕೂ ನಡುವಿನ ದಾರಿಯಲ್ಲಿ ಏನಾಗುತ್ತದೆಂದು ಕೇಳುವುದು ನಮ್ಮ ಕರ್ತವ್ಯವಲ್ಲವೇ?

ಮಾನ್ಯರೇ, ರೈತನಿಗೆ ಸರಕಾರದ ಹಣ ಎರಡು ದಾರಿಗಳಲ್ಲಿ ಬರುತ್ತದೆ. ಮೊದಲನೆಯದು ಕಣ್ಣಿಗೆ ಕಾಣದ ದಾರಿ. ಗೊಬ್ಬರದ ಸಹಾಯಧನ ರೈತನ ಖಾತೆಗೆ ಬರುವುದಿಲ್ಲ, ಕಂಪೆನಿಗೆ ಹೋಗುತ್ತದೆ. ರೈತ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ ಚೀಲ ಪಡೆದ ಬಳಿಕ ಕಂಪೆನಿಗೆ ಹಣ ಪಾವತಿಯಾಗುವ ವ್ಯವಸ್ಥೆ 2018ರ ಹೊತ್ತಿಗೆ ದೇಶದೆಲ್ಲೆಡೆ ಜಾರಿಗೆ ಬಂದಿತು. 45 ಕಿಲೋದ ಯೂರಿಯಾ ಚೀಲ ರೈತನಿಗೆ ಸುಮಾರು 266 ರೂಪಾಯಿಗೆ ದೊರೆಯುತ್ತದೆ. ಅದರ ನಿಜವಾದ ವೆಚ್ಚ ಇದರ ಹಲವು ಪಟ್ಟು. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ನೀತಿ ಬಂದಾಗ ಡಿಎಪಿ ಮತ್ತು ಪೊಟ್ಯಾಷ್ ಅದರ ಒಳಗೆ ಬಂದವು, ಯೂರಿಯಾ ಹೊರಗೆ ಉಳಿಯಿತು. ಪರಿಣಾಮವಾಗಿ ಯೂರಿಯಾ ಅಗ್ಗ, ಉಳಿದವು ತುಟ್ಟಿ. ಬಡ ರೈತ ಭೂಮಿಗೆ ಬೇಕಾದುದನ್ನು ಹಾಕುವ ಬದಲು ಕೈಗೆಟಕುವುದನ್ನು ಹಾಕಿದ. ಈ ದಾರಿಯಲ್ಲಿ ಹೆಚ್ಚು ಭೂಮಿ ಉಳ್ಳವನು ಹೆಚ್ಚು ಚೀಲ ಒಯ್ಯುತ್ತಾನೆ, ಆದ್ದರಿಂದ ಹೆಚ್ಚು ಸಹಾಯಧನವನ್ನೂ ಒಯ್ಯುತ್ತಾನೆ.

ಎರಡನೆಯದು ನೇರ ದಾರಿ. 2019ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಪಿಎಂ ಕಿಸಾನ್ ಯೋಜನೆಯನ್ನು ಪ್ರಕಟಿಸಿತು. ವರ್ಷಕ್ಕೆ 6,000 ರೂಪಾಯಿ, ತಲಾ 2,000ದ ಮೂರು ಕಂತುಗಳಲ್ಲಿ, ಬ್ಯಾಂಕ್ ಖಾತೆಗೆ. ಆರಂಭದಲ್ಲಿ 2 ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆ ಮಾತ್ರವೆಂದಿದ್ದ ಯೋಜನೆಯನ್ನು ಅದೇ ವರ್ಷ ಎಲ್ಲ ಭೂಹಿಡುವಳಿದಾರ ಕುಟುಂಬಗಳಿಗೂ ವಿಸ್ತರಿಸಲಾಯಿತು. ಕರ್ನಾಟಕ ಸರಕಾರ ಇದಕ್ಕೆ 4,000 ರೂಪಾಯಿ ಸೇರಿಸುವುದಾಗಿ 2019ರಲ್ಲಿ ಪ್ರಕಟಿಸಿತು. 2023ರಲ್ಲಿ ಸರಕಾರ ಬದಲಾದ ಬಳಿಕ ಈ ಹೆಚ್ಚುವರಿ ಹಣ ನಿಂತಿತು. ಕೊಟ್ಟವರು ಕೊಟ್ಟೆವೆಂದು ಬೀಗಿದರು, ನಿಲ್ಲಿಸಿದವರು ತಮ್ಮ ಬೇರೆ ಯೋಜನೆಗಳನ್ನು ತೋರಿಸಿದರು. ರೈತ ಇಬ್ಬರ ಮಾತನ್ನೂ ಕೇಳಿಸಿಕೊಂಡು ಬೀಜದಂಗಡಿಯ ಸಾಲದ ಪುಸ್ತಕಕ್ಕೆ ಸಹಿ ಹಾಕಿದ.

ಈ 6,000 ರೂಪಾಯಿಯ ತೂಕವನ್ನು ಒಮ್ಮೆ ನೋಡೋಣ. ತಿಂಗಳಿಗೆ 500 ರೂಪಾಯಿ, ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. 2019ರಲ್ಲಿ ನಿಗದಿಯಾದ ಈ ಮೊತ್ತ 2025 ಮುಗಿಯುವವರೆಗೂ ಒಂದು ರೂಪಾಯಿ ಏರಲಿಲ್ಲ. ಈ ನಡುವೆ ಡೀಸೆಲ್, ಔಷಧಿ, ಕೂಲಿ ಯಾವುದು ಏರಲಿಲ್ಲ? ಆದರೂ ಇದನ್ನು ಹಗುರವಾಗಿ ಕಾಣಬಾರದು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿ ಮಾತ್ರ. ಕೂಲಿ ಮತ್ತು ಸಂಬಳದಿಂದ ಬಂದದ್ದು 4,063 ರೂಪಾಯಿ. ಅಂದರೆ ರೈತನೆನಿಸಿಕೊಂಡವನ ಮನೆಯನ್ನು ಅವನ ಹೊಲಕ್ಕಿಂತ ಹೆಚ್ಚಾಗಿ ದುಡಿಮೆಯ ಕೂಲಿ ಸಾಕುತ್ತಿದೆ. ಇಂತಹ ಮನೆಗೆ ಬಿತ್ತನೆಯ ಹೊತ್ತಿಗೆ ಬರುವ ಎರಡು ಸಾವಿರವೂ ದೊಡ್ಡದೇ.

ಇದು ಭಿಕ್ಷೆಯೆಂದು ಹೇಳುವವರಿದ್ದಾರೆ. ಪೇಟೆಯಲ್ಲಿ ನಮ್ಮ ನಡುವೆಯೇ ಇದ್ದಾರೆ. ಅವರಿಗೆ ನಾವು ಹೇಳಬಯಸುವುದಿಷ್ಟೇ. ಜಗತ್ತಿನ ಸಿರಿವಂತ ದೇಶಗಳೂ ತಮ್ಮ ರೈತರಿಗೆ ಹಣ ಕೊಡುತ್ತವೆ. ಅಮೆರಿಕ ಕೊಡುತ್ತದೆ, ಐರೋಪ್ಯ ಒಕ್ಕೂಟ ಕೊಡುತ್ತದೆ. ಮಳೆಯನ್ನೂ ಮಾರುಕಟ್ಟೆಯನ್ನೂ ಏಕಕಾಲಕ್ಕೆ ನಂಬಿ ಬದುಕುವ ಕಸುಬು ಇನ್ನೊಂದಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ಗುಂಪು ಕಲ್ಲು ತೂರಿ ವಾಹನಗಳಿಗೆ ಬೆಂಕಿ ಹಚ್ಚಿತು. ಆ ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ವರ್ಷದ ದುಡಿಮೆ ಒಂದು ಬೆಳಗಿನ ಟೆಂಡರಿನಲ್ಲಿ ನೆಲಕಚ್ಚುವುದನ್ನು ಕಂಡವನ ಎದೆಯ ಉರಿಯನ್ನು ಅರ್ಥಮಾಡಿಕೊಳ್ಳದವನು ರೈತನ ಬಗ್ಗೆ ಮಾತನಾಡುವ ಅರ್ಹತೆ ಹೊಂದಿಲ್ಲ.

ಇನ್ನು ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ರೈತನೆಂದರೆ ಯಾರು?

ಬಿಸಿಲಿನಲ್ಲಿ ಬೆನ್ನು ಬಗ್ಗಿಸಿದವನನ್ನು ಸರಕಾರ ಇಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ. ಯಾರ ಹೆಸರು ಪಹಣಿಯಲ್ಲಿ, ನಮ್ಮ ಈ ಭಾಗದ ಮಾತಿನಲ್ಲಿ ಉತಾರದಲ್ಲಿ ಇದೆಯೋ ಅವನೇ ಅದಕ್ಕೆ ರೈತ. ಪಿಎಂ ಕಿಸಾನ್ ಆ ಹೆಸರಿಗೇ ಬರುತ್ತದೆ. ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗುವುದು ಆ ಹೆಸರೇ. 2023ರ ಬರಗಾಲದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಕೇಂದ್ರದಿಂದ ಪರಿಹಾರ ಪಡೆಯಲು ರಾಜ್ಯ ಸರಕಾರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. 2024ರ ಏಪ್ರಿಲ್‌ನಲ್ಲಿ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಆ ಪರಿಹಾರವೂ ಸಂದಾಯವಾದದ್ದು ಫ್ರೂಟ್ಸ್ ದಾಖಲೆಯ ಆಧಾರದಲ್ಲಿಯೇ. ಬೆಳೆ ಒಣಗಿದ್ದು ಒಬ್ಬನದು, ಪರಿಹಾರ ಬಂದದ್ದು ಇನ್ನೊಬ್ಬನಿಗೆ. ಇದು ಎಷ್ಟು ಊರುಗಳಲ್ಲಿ ನಡೆಯಲಿಲ್ಲ?

ಯಾಕೆ ಹೀಗೆ? ಇದಕ್ಕೆ ಕಾರಣ ದುರುದ್ದೇಶವಲ್ಲ. ಒಂದು ಒಳ್ಳೆಯ ಕಾನೂನಿನ ನೆರಳು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು. ಉಳುವವನೇ ಹೊಲದೊಡೆಯನಾದ. ಲಕ್ಷಾಂತರ ಗೇಣಿದಾರರಿಗೆ ಭೂಮಿ ದೊರೆಯಿತು. ಅದು ಈ ರಾಜ್ಯದ ಇತಿಹಾಸದಲ್ಲಿ ಹೆಮ್ಮೆಯ ಅಧ್ಯಾಯ. ಆದರೆ ಆ ಬಳಿಕ ಸೈನಿಕರಂತಹ ಕೆಲವರ ಹೊರತು ಯಾರೂ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲವೆಂದು ಕಾನೂನು ಹೇಳಿತು. ಕಾನೂನು ಬೇಡವೆಂದರೂ ಬದುಕು ನಿಲ್ಲಲಿಲ್ಲ. ಮಕ್ಕಳ ಓದಿಗೆ, ವ್ಯಾಪಾರಕ್ಕೆ, ನೌಕರಿಗೆ ಜನ ಪೇಟೆ ಸೇರಿದರು. ಹೊಲವನ್ನು ಊರಿನವರಿಗೆ ಲಾವಣಿಗೆ ಕೊಟ್ಟರು, ಪಾಲಿಗೆ ಕೊಟ್ಟರು. ಬಾಯಿಮಾತಿನ ಒಪ್ಪಂದ, ಕಾಗದವಿಲ್ಲ. ಕಾಗದ ಬರೆದುಕೊಟ್ಟರೆ ನಾಳೆ ಹೊಲವೇ ಕೈತಪ್ಪೀತೆಂಬ ಭಯ ಮಾಲೀಕನಿಗೆ. ಕಾಗದ ಕೇಳಿದರೆ ಮುಂದಿನ ವರ್ಷ ಹೊಲ ಸಿಗಲಾರದೆಂಬ ಭಯ ಲಾವಣಿದಾರನಿಗೆ. ಹೀಗೆ ಗೇಣಿದಾರನನ್ನು ರಕ್ಷಿಸಲು ಬಂದ ಕಾನೂನಿನ ಅಡಿಯಲ್ಲಿಯೇ ಹೊಸ ಗೇಣಿದಾರ ದಾಖಲೆಯಿಂದ ಮಾಯವಾದ.

ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2004ರಿಂದ 2006ರವರೆಗೆ ಕೆಲಸ ಮಾಡಿತು. ಅದರ ಆಧಾರದಲ್ಲಿ ರೂಪುಗೊಂಡ 2007ರ ರಾಷ್ಟ್ರೀಯ ರೈತ ನೀತಿ ರೈತನೆಂಬ ಪದದೊಳಗೆ ಗೇಣಿದಾರನನ್ನು, ಪಾಲುದಾರನನ್ನು, ಕೃಷಿ ಕಾರ್ಮಿಕನನ್ನು ಸೇರಿಸಿತು. ಹೆಂಗಸರನ್ನು ಮರೆಯಲಿಲ್ಲ. ಕಾಗದದ ಮೇಲೆ ಎಷ್ಟು ಸುಂದರವಾದ ವ್ಯಾಖ್ಯಾನ! ಆದರೆ ಹಣ ಹಂಚುವ ಹೊತ್ತಿಗೆ ಅದನ್ನು ಮರೆಯಲಾಯಿತು.

ಇದು ಅಸಾಧ್ಯವೆಂದು ಅಧಿಕಾರಿಗಳು ಹೇಳುತ್ತಾರೆ. ಅಸಾಧ್ಯವೇ? 2018ರ ಕೊನೆಯಲ್ಲಿ ಒಡಿಶಾ ಪ್ರಕಟಿಸಿದ ಕಾಲಿಯಾ ಯೋಜನೆಯಲ್ಲಿ ಪಾಲುದಾರ ರೈತರಿಗೂ ಭೂರಹಿತ ಕುಟುಂಬಗಳಿಗೂ ಸ್ಥಾನವಿತ್ತು. ಆಂಧ್ರಪ್ರದೇಶ 2019ರಲ್ಲಿ ಬೆಳೆಗಾರರ ಹಕ್ಕಿಗೆಂದೇ ಕಾನೂನು ತಂದಿತು. ಹನ್ನೊಂದು ತಿಂಗಳ ಒಪ್ಪಂದದ ಮೂಲಕ ಭೂಮಿಯ ಒಡೆತನಕ್ಕೆ ಧಕ್ಕೆ ತಾರದೆ ಬೆಳೆಯ ಹಕ್ಕನ್ನು ಮಾತ್ರ ಗುರುತಿಸಿತು. ಅದೇ ಹೊತ್ತಿಗೆ ನೆರೆಯ ತೆಲಂಗಾಣದಲ್ಲಿ 2018ರಲ್ಲಿ ಆರಂಭವಾದ ರೈತುಬಂಧು ಎಕರೆಗೆ ಹಂಗಾಮಿಗೆ 4,000 ರೂಪಾಯಿಯಂತೆ ಭೂಮಾಲೀಕನಿಗೇ ಹಣ ಕೊಟ್ಟಿತು, ಗೇಣಿದಾರನನ್ನು ಹೊರಗಿಟ್ಟಿತು. ಎರಡು ದಾರಿಗಳೂ ನಮ್ಮ ಕಣ್ಣ ಮುಂದಿವೆ. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲಿಯೂ ಜಮೀನನ್ನು ನಗದು ಗೇಣಿಗೆ ಕೊಟ್ಟು ಕುಳಿತವನಿಗಲ್ಲ, ಬೆಳೆಯ ನಷ್ಟದ ಹೊಣೆ ಹೊತ್ತವನಿಗೇ ಸಹಾಯಧನ ಸಲ್ಲಬೇಕೆಂಬ ನಿಯಮವಿದೆ. ಆದರೂ ಅದರ ಒಂದು ಪಾಲು ಗೇಣಿಯ ಏರಿಕೆಯ ರೂಪದಲ್ಲಿ ಮಾಲೀಕನ ಕಿಸೆ ಸೇರುತ್ತದೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಚರ್ಚಿಸುತ್ತಲೇ ಬಂದಿದ್ದಾರೆ. ನಮ್ಮಲ್ಲಂತೂ ಅಂತಹ ನಿಯಮವೂ ಇಲ್ಲ.

ಸಹೋದರ ಸಹೋದರಿಯರೇ, ಇಷ್ಟು ಹೊತ್ತು ಸರಕಾರದ ಕುರಿತು ಮಾತನಾಡಿದೆವು. ಸರಕಾರವನ್ನು ಟೀಕಿಸುವುದು ಸುಲಭ, ಚಪ್ಪಾಳೆಯೂ ಸಿಗುತ್ತದೆ. ಈಗ ಕನ್ನಡಿಯನ್ನು ನಮ್ಮ ಕಡೆಗೇ ತಿರುಗಿಸೋಣ.

ಈ ಸಭೆಯಲ್ಲಿ ಹಾವೇರಿಯಲ್ಲಿ ಅಂಗಡಿ ಇಟ್ಟವರಿದ್ದೀರಿ, ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುವವರಿದ್ದೀರಿ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ದುಡಿಯುವವರಿದ್ದೀರಿ. ನಿಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಅಜ್ಜನ ಕಾಲದ ಎರಡೋ ನಾಲ್ಕೋ ಎಕರೆ ಇದೆ. ಅದನ್ನು ಯಾರು ಮಾಡುತ್ತಾರೆ? ಲಾವಣಿ ಹಿಡಿದವನು. ಗೋವಿನಜೋಳ ಬಿತ್ತುವವನು ಅವನು, ಗೊಬ್ಬರಕ್ಕೆ ಸರತಿ ನಿಲ್ಲುವವನು ಅವನು, ಮಳೆ ಹೋದರೆ ಮುಳುಗುವವನು ಅವನು. ಲಾವಣಿಯ ಹಣವನ್ನು ನಾವು ಮುಂಗಡವಾಗಿಯೇ ಎಣಿಸಿಕೊಳ್ಳುತ್ತೇವೆ. ಪಿಎಂ ಕಿಸಾನ್ ಕಂತು ನಮ್ಮ ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ಬರ ಪರಿಹಾರ ಬಂದರೂ ನಮ್ಮ ಖಾತೆಗೇ. ನಾವು ಆ ಹೊಲದ ಮಣ್ಣು ಮೆಟ್ಟಿ ಎಷ್ಟು ವರ್ಷವಾಯಿತು?

ನಮಗೆ ಪರಿಚಿತರಾದ ಒಬ್ಬ ಹಿರಿಯರಿದ್ದಾರೆ. 2023ರ ಬರದಲ್ಲಿ ಅವರು ಹಿಡಿದಿದ್ದ ಲಾವಣಿ ಹೊಲದಲ್ಲಿ ಮೆಕ್ಕೆತೆನೆ ಕಾಳು ಕಟ್ಟಲೇ ಇಲ್ಲ. ಪರಿಹಾರದ ಹಣ ಬಂದಿದೆಯೆಂದು ಊರಿನಲ್ಲಿ ಸುದ್ದಿಯಾದಾಗ ಅವರು ಹೊಲದ ಒಡೆಯರ ಮನೆಗೆ ಹೋದರು. ಒಡೆಯರು ಒಳ್ಳೆಯವರೇ. ಚಹಾ ಕೊಟ್ಟರು, ಮಕ್ಕಳ ಯೋಗಕ್ಷೇಮ ಕೇಳಿದರು. ಪರಿಹಾರದ ಮಾತನ್ನು ಮಾತ್ರ ಎತ್ತಲಿಲ್ಲ. ಇವರಿಗೂ ಕೇಳಲು ನಾಲಗೆ ಬರಲಿಲ್ಲ. "ಕೇಳಿದ್ರ ಮುಂದಿನ ವರ್ಷ ಹೊಲ ಬಿಡಸ್ತಾರ್ರೀ" ಎಂದು ಅವರು ನಮ್ಮೊಡನೆ ಹೇಳಿದರು. ಆ ಒಡೆಯರು ಕಳ್ಳತನ ಮಾಡಲಿಲ್ಲ, ಯಾವ ಕಾನೂನನ್ನೂ ಮುರಿಯಲಿಲ್ಲ. ಹಣ ಅವರ ಹೆಸರಿಗೇ ಬಂದಿತ್ತು. ಆದರೆ ಕಾನೂನು ತಪ್ಪಲ್ಲವೆಂದ ಮಾತ್ರಕ್ಕೆ ಒಂದು ಕೆಲಸ ಸರಿಯಾಗಿಬಿಡುತ್ತದೆಯೇ? ಒಣಗಿದ ಬೆಳೆಗೆಂದು ಬಂದ ಹಣ, ಬೆಳೆಯೇ ಇಲ್ಲದವನ ಕೈಯಲ್ಲಿ ಉಳಿಯುವುದನ್ನು ನಮ್ಮ ಅಂತಃಸಾಕ್ಷಿ ಒಪ್ಪುತ್ತದೆಯೇ?

ಇನ್ನೂ ಒಂದು ಮಾತು. ಆದಾಯ ತೆರಿಗೆ ಕಟ್ಟುವವರು, ನಾಲ್ಕನೇ ದರ್ಜೆಯ ಹೊರತಾದ ಸರಕಾರಿ ನೌಕರರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ವೃತ್ತಿನಿರತ ವೈದ್ಯರು, ವಕೀಲರು, ಇಂಜಿನಿಯರರು ಪಿಎಂ ಕಿಸಾನ್‌ಗೆ ಅರ್ಹರಲ್ಲ. ಆದರೂ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಸುಮಾರು 3,000 ಕೋಟಿ ರೂಪಾಯಿ ಸಂದಾಯವಾಗಿದೆಯೆಂದು 2021ರ ಜುಲೈಯಲ್ಲಿ ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿತು. ನಮ್ಮ ಮನೆಗಳಲ್ಲಿ ಇಂತಹವರು ಯಾರೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಇದ್ದರೆ ನೋಟೀಸು ಬರುವವರೆಗೆ ಕಾಯುವುದೇಕೆ? ಹಣ ಹಿಂದಿರುಗಿಸಲು ಅವಕಾಶವಿದೆ. ಹಿಂದಿರುಗಿಸೋಣ.

ಅನರ್ಹರ ಕೈಗೆ ಹಣ ಸುಲಭವಾಗಿ ಹೋಗುವ ಇದೇ ವ್ಯವಸ್ಥೆಯಲ್ಲಿ ಅರ್ಹರ ಹಣ ಅಕ್ಷರಕ್ಕೆ ಸಿಕ್ಕಿ ನಿಲ್ಲುತ್ತದೆ. ಉತಾರದಲ್ಲಿ ಇಮಾಮಸಾಬ, ಆಧಾರದಲ್ಲಿ ಇಮಾಂ ಸಾಬ್, ಬ್ಯಾಂಕಿನ ಪುಸ್ತಕದಲ್ಲಿ ಇಮಾಮ್‌ಸಾಹೇಬ್. ಮನುಷ್ಯ ಒಬ್ಬನೇ, ಹೆಸರು ಮೂರು. ಯಂತ್ರಕ್ಕೆ ಮೂವರೂ ಬೇರೆ. ನಮ್ಮ ಸಮುದಾಯದಲ್ಲಿ ಈ ತೊಂದರೆ ಹೆಚ್ಚು, ಯಾಕೆಂದರೆ ನಮ್ಮ ಹೆಸರುಗಳನ್ನು ತಲಾಠಿಯೊಬ್ಬ ಕೇಳಿದಂತೆ ಬರೆದ, ಶಾಲೆಯ ಮಾಸ್ತರರು ಇನ್ನೊಂದು ರೀತಿ ಬರೆದರು, ಕಂಪ್ಯೂಟರಿನ ಹುಡುಗ ಮತ್ತೊಂದು ರೀತಿ ಒತ್ತಿದ. 2022ರಿಂದ ಇ-ಕೆವೈಸಿ ಮತ್ತು ಭೂದಾಖಲೆಯ ಜೋಡಣೆ ಕಡ್ಡಾಯವಾದ ಮೇಲೆ ಇಂತಹ ಎಷ್ಟೋ ಜನರ ಕಂತು ನಿಂತಿತು. ಹೆಬ್ಬೆರಳಿನ ಗೆರೆ ಸವೆದ ಮುದುಕಿಯರ ಪಾಡಂತೂ ಹೇಳತೀರದು. ದುಡಿದು ಸವೆದ ಬೆರಳೇ ಅವರ ದುಡಿಮೆಯ ಸಾಕ್ಷಿ. ಆ ಸಾಕ್ಷಿಯನ್ನು ಯಂತ್ರ ಒಪ್ಪುವುದಿಲ್ಲ.

ಮೂರನೆಯದು ಸತ್ತವರ ಹೆಸರಿನ ಉತಾರ. ಅಜ್ಜ ತೀರಿ ಮೂವತ್ತು ವರ್ಷವಾದರೂ ಉತಾರದಲ್ಲಿ ಅಜ್ಜನೇ ಇದ್ದಾನೆ. ಪೌತಿ ಖಾತೆ ಮಾಡಿಸಲು ಅಣ್ಣತಮ್ಮಂದಿರಿಗೆ ಮನಸ್ಸಿಲ್ಲ. ಯಾಕೆ? ವಾರಸುದಾರರ ಪಟ್ಟಿ ಬರೆಯುವಾಗ ಅಕ್ಕತಂಗಿಯರ ಹೆಸರನ್ನೂ ಬರೆಯಬೇಕಾಗುತ್ತದೆ! ಹೆಣ್ಣುಮಕ್ಕಳಿಗೆ ಪಾಲುಂಟೆಂದು ಸಭೆಗಳಲ್ಲಿ ಹೆಮ್ಮೆಯಿಂದ ಸಾರುವ ನಾವು, ನಾಡಕಚೇರಿಯ ಮುಂದೆ ನಿಂತಾಗ ಮೌನವಾಗುತ್ತೇವೆ. ಪರಿಣಾಮವಾಗಿ ಅಣ್ಣನಿಗೂ ಕಂತಿಲ್ಲ, ತಂಗಿಗೂ ಪಾಲಿಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ನಡೆಯಿತು, 2025ರಲ್ಲಿ ಇ-ಪೌತಿ ಆಂದೋಲನ ಆರಂಭವಾಯಿತು. ಬಾಗಿಲು ತೆರೆದಿದೆ. ಒಳಹೋಗುವ ಮನಸ್ಸು ನಮ್ಮದಾಗಬೇಕು.

ಇದು ಕೇವಲ ಎರಡು ಸಾವಿರದ ಮಾತಲ್ಲ. ರೈತ ಆತ್ಮಹತ್ಯೆ ಮಾಡಿಕೊಂಡರೆ ಕುಟುಂಬಕ್ಕೆ ಕರ್ನಾಟಕ ಸರಕಾರ 2015ರಿಂದ 5 ಲಕ್ಷ ರೂಪಾಯಿ ಪರಿಹಾರ ನೀಡುತ್ತಿದೆ. ಪರಿಹಾರದ ಮೊತ್ತ ಏರಿದ ಬಳಿಕ ಆತ್ಮಹತ್ಯೆಯ ವರದಿಗಳೂ ಏರಿದವೆಂದು 2023ರ ಸೆಪ್ಟೆಂಬರ್‌ನಲ್ಲಿ ಇದೇ ಹಾವೇರಿಯಲ್ಲಿ ಅಂದಿನ ಜಿಲ್ಲಾ ಉಸ್ತುವಾರಿ ಸಚಿವರು ಮಾತನಾಡಿದ್ದು ರಾಜ್ಯವ್ಯಾಪಿ ಆಕ್ರೋಶಕ್ಕೆ ಕಾರಣವಾಯಿತು. ಹಣಕ್ಕಾಗಿ ಯಾರು ಸಾಯುತ್ತಾರೆ? ಸಾಲ ತೀರಿಸಲಾಗದ ಅವಮಾನ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಅದಕ್ಕೂ ಮಿಗಿಲಾಗಿ, ಲಾವಣಿದಾರನ ವಿಧವೆಯ ಸ್ಥಿತಿಯನ್ನು ಯೋಚಿಸಿ. ಹೊಲದ ಕಾಗದ ಅವಳ ಗಂಡನ ಹೆಸರಿನಲ್ಲಿಲ್ಲ. ಸಾಲ ಕೈಸಾಲ, ಅದಕ್ಕೂ ಕಾಗದವಿಲ್ಲ. ತನ್ನ ಗಂಡ ರೈತನಾಗಿದ್ದನೆಂದು ಆಕೆ ಯಾವ ದಾಖಲೆಯಿಂದ ಸಾಬೀತುಪಡಿಸಬೇಕು?

ಹಾಗಾದರೆ ಏನು ಮಾಡಬೇಕು? ಸರಕಾರದ ಮುಂದೆ ನಮ್ಮ ಬೇಡಿಕೆ ಸ್ಪಷ್ಟ. ಭೂಮಿಯ ಒಡೆತನಕ್ಕೆ ಧಕ್ಕೆಯಾಗದಂತೆ, ಬೆಳೆಯುವವನನ್ನು ಹಂಗಾಮಿನ ಮಟ್ಟಿಗೆ ದಾಖಲಿಸುವ ಕಾನೂನು ಕರ್ನಾಟಕದಲ್ಲಿಯೂ ಬರಲಿ. ಬೆಳೆ ನಷ್ಟದ ಪರಿಹಾರ ಬೆಳೆದವನಿಗೆ ಸಲ್ಲಲಿ. ಬೆಳೆ ವಿಮೆಯ ನಿಯಮದಲ್ಲಿ ಗೇಣಿದಾರನಿಗೆ ಸ್ಥಾನವಿದೆ, ಆದರೆ ದಾಖಲೆ ಕೇಳುವ ಮೇಜಿನ ಮುಂದೆ ಅದು ಸೋಲುತ್ತದೆ. ಆ ಸೋಲು ನಿಲ್ಲಲಿ. 2021ರಲ್ಲಿ ರೈತರ ಮಕ್ಕಳಿಗೆಂದು ಆರಂಭವಾದ ರೈತ ವಿದ್ಯಾನಿಧಿಯನ್ನು ಆ ಬಳಿಕ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಲಾಯಿತು. ಮನಸ್ಸಿದ್ದರೆ ಪಟ್ಟಿ ದೊಡ್ಡದಾಗುತ್ತದೆಂಬುದಕ್ಕೆ ಅದೇ ನಿದರ್ಶನ.

ಆದರೆ ಕಾನೂನು ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಲಾವಣಿಗೆ ಹೊಲ ಕೊಟ್ಟವರು ಈ ವರ್ಷವೇ ಒಂದು ನಿರ್ಧಾರ ಮಾಡಬಹುದು. ಬೆಳೆ ನಷ್ಟಕ್ಕೆಂದು ಬಂದ ಹಣವನ್ನು ಬೆಳೆ ಕಳೆದುಕೊಂಡವನಿಗೆ ಒಪ್ಪಿಸುವುದು. ಬರ ಬಿದ್ದ ವರ್ಷ ಲಾವಣಿಯಲ್ಲಿ ರಿಯಾಯಿತಿ ಕೊಡುವುದು. ಇದಕ್ಕೆ ಯಾವ ಕಚೇರಿಯ ಸಹಿಯೂ ಬೇಕಾಗಿಲ್ಲ. ಓದಿದ ಯುವಕ ಯುವತಿಯರು ವಾರಕ್ಕೊಮ್ಮೆ ಊರಿನ ಒಂದು ಕಟ್ಟೆಯ ಮೇಲೆ ಕುಳಿತು ಉತಾರ, ಆಧಾರ್, ಬ್ಯಾಂಕ್ ಪುಸ್ತಕಗಳ ಹೆಸರುಗಳನ್ನು ತಾಳೆ ನೋಡಿ, ಅರ್ಜಿ ತುಂಬಿಸಿ, ನಾಡಕಚೇರಿಗೂ ರೈತ ಸಂಪರ್ಕ ಕೇಂದ್ರಕ್ಕೂ ಹಿರಿಯರ ಜೊತೆ ನಡೆಯಬಹುದು. ಅರ್ಜಿ ಯಾವ ಜಾತಿಯವನದು, ಯಾವ ಧರ್ಮದವನದು ಎಂದು ಕೇಳಬಾರದು. ಬರಗಾಲ ಅದನ್ನು ಕೇಳುವುದಿಲ್ಲ.

ದೂರ ಹೋಗಬೇಕಾಗಿಲ್ಲ. ನೆರೆಯ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಹಳ್ಳಿಯ ರೈತರೇ ಒಟ್ಟುಗೂಡಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದಾಯಿತು. ಅಂದು ಅವರಿಗೆ ಕಂಪ್ಯೂಟರ್ ಇರಲಿಲ್ಲ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿತ್ತು.

ಕೊನೆಯದಾಗಿ ಒಂದು ಮಾತು. ಇಂದು ರಾತ್ರಿ ಮನೆಗೆ ಹೋದ ಬಳಿಕ ಪೆಟ್ಟಿಗೆಯಲ್ಲಿರುವ ಉತಾರವನ್ನು ಹೊರತೆಗೆಯಿರಿ. ಅದರಲ್ಲಿ ಯಾರ ಹೆಸರಿದೆಯೆಂದು ನೋಡಿ. ಯಾರ ಹೆಸರು ಇರಬೇಕಿತ್ತೆಂದೂ ಯೋಚಿಸಿ. ತಂಗಿಯ ಹೆಸರು ಬಿಟ್ಟುಹೋಗಿದ್ದರೆ ಬರೆಸಿ. ಆ ಹೊಲವನ್ನು ಈಗ ಮಾಡುತ್ತಿರುವವನ ಹೆಸರನ್ನು ಅಲ್ಲಿ ಬರೆಸಲು ಇಂದು ಸಾಧ್ಯವಿಲ್ಲದಿರಬಹುದು. ಆದರೆ ಅವನ ಪಾಲನ್ನು ಅವನ ಮನೆಗೆ ಮುಟ್ಟಿಸಲು ನಮ್ಮನ್ನು ತಡೆಯುವವರು ಯಾರೂ ಇಲ್ಲ.